ಐದು ಕೂಗು

ಕಾದಂಬರಿಯಾಗಿದ್ದರೆ ಮೊದಲ ಪುಟಕ್ಕೇ ಒಂದು ಹೆಣ ಬೀಳುತ್ತಿತ್ತು.
ನಮ್ಮ ಗಾಡಿಯಲ್ಲಿ ಕಳುವಾದದ್ದು
ಕುಕ್ಕರಿನ ವಿಷಲ್ಲು.

ಮಂಡ್ಯದ ನೂರಡಿ ರಸ್ತೆ, ಗುರುವಾರ, ಬೆಳಗಿನ ಒಂಬತ್ತೂಕಾಲು.
ತಟ್ಟೆ ಇಡ್ಲಿ ಮುಗಿದು, ಬಾತಿನ ತಳ ಕೆರೆಯುವ ಹೊತ್ತು.
ಹತ್ತಕ್ಕೆ ಮಧ್ಯಾಹ್ನದ ಪಲಾವಿಗೆ ಕುಕ್ಕರು ಏರಬೇಕು.
ಅಕ್ಕಿ ನೆಂದಿದೆ, ಪುದೀನ ಹೆಚ್ಚಿದೆ,
ಮುಚ್ಚಳದ ಮೂಗು ಮಾತ್ರ ಬೋಳು.

ನಾನು ಈರುಳ್ಳಿಯ ಕಣ್ಣೀರಲ್ಲೇ ಕೂಗಾಡಿದೆ:
ಎದುರು ಮೆಸ್ಸಿನ ಚಿಕ್ಕಬೋರನದೇ ಕೈವಾಡ,
ನಮ್ಮ ಪಲಾವು ಬಂದ ಮೇಲೆ ಅವನ ಮುದ್ದೆಗೆ ಗಿರಾಕಿಯಿಲ್ಲ!
ಇಲ್ಲಾ, ಸಿಲಿಂಡರ್ ಹುಡುಗ; ನೋಟವೇ ಸರಿಯಿಲ್ಲ.
ಇಲ್ಲಾ, ಬಿಟ್ಟಿ ಕಾಫಿ ಕುಡಿಯುವ ರಿಟೈರ್ಡ್ ದಫೇದಾರ.
ಅತ್ತಿಗೆ ಪುಟ್ಟಲಿಂಗಮ್ಮ
ಸೀಟಿನಡಿಯ ಪತ್ತೇದಾರಿ ಪುಸ್ತಕ ತೆಗೆದು
ಅರಿಶಿನದ ಬೆರಳಲ್ಲಿ ಪುಟ ಮಗುಚಿದಳು.

ಅವಳ ಪುಸ್ತಕಗಳೆಲ್ಲ ಬಸ್‌ಸ್ಟ್ಯಾಂಡಿನ ಹಳೇ ಮಾಲು.
ರಟ್ಟಿಲ್ಲ, ಪಿನ್ನು ತುಕ್ಕು, ಎಷ್ಟಕ್ಕೋ ಕೊನೇ ಹಾಳೆಯೇ ಇಲ್ಲ.
"ಬ್ಯಾಡ ಬುಡು," ಅನ್ನುತ್ತಾಳೆ,
"ನಲವತ್ತನೇ ಪುಟಕ್ಕೇ ಗೊತ್ತಾಯ್ತದೆ.
ಯಾರು ಸರ್ಯಾಗಿ ಉಣ್ಲಿಲ್ಲ ಅಂತ ನೋಡ್ಬೇಕು, ಅಷ್ಟೇಯ."

ಆ ದಿನ ಯಾರನ್ನೂ ಏನೂ ಕೇಳಲಿಲ್ಲ.
ಎಂಜಲು ತಟ್ಟೆಗಳ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಒಂದೊಂದನ್ನೇ ಎತ್ತಿ ನೋಡಿದಳು, ಜಾತಕದ ಹಾಗೆ.
ದಫೇದಾರರದು: ಕರಿಬೇವೆಲ್ಲ ಸಾಲಾಗಿ ಅಂಚಿಗೆ.
ಹುಡುಗನದು: ನೆಕ್ಕಿ ತೊಳೆದಂತೆ.
ಇನ್ನೊಂದು ತಟ್ಟೆ. ಮೊದಲರ್ಧ ಬೆರಳಲ್ಲಿ ತಿಂದದ್ದು,
ಆಮೇಲೆ ಚಮಚ,
ಅದೂ ಎಡಕ್ಕೆ ಬಿದ್ದಿದೆ.

"ನಡುವ್ಲಲ್ಲಿ ಬಲಗೈ ಸುಟ್ಟದೆ," ಅಂದಳು.
ನಾನು ನಕ್ಕೆ. ಹಳೇ ವಿಷಲ್ಲು ಗುಜರಿಗೆ ಹಾಕಿದರೆ ಬೀಡಿಗೂ ಸಾಲದು,
ಯಾರು ಸುಟ್ಟುಕೊಂಡು ಕದಿಯುತ್ತಾರೆ?
"ಅದೇಯ ನೋಡು.
ಕದ್ದಿರದು ವಿಷಲ್ಲಲ್ಲ ಕನಮ್ಮಿ,
ಕೂಗು."

ಆಮೇಲೆ ತಲೆಯೆತ್ತಿ ರಸ್ತೆಯಾಚೆಯ ಮಹಡಿಗಳನ್ನು ನೋಡುತ್ತ ನಿಂತಳು.
ಒಣಹಾಕಿದ ಸೀರೆ, ಡಬ್ಬದ ತುಳಸಿ, ಡಿಶ್ಶಿನ ಬಟ್ಟಲು,
ಮತ್ತೊಂದು ಕಿಟಕಿ: ಹಾಡುಹಗಲಲ್ಲಿ ಕಂಬಳಿ ಹೊದ್ದದ್ದು.
ನಾನೂ ನೋಡಿದೆ.
ನನಗೆ ಕಂಬಳಿ ಕಂಡಿತು, ಅಷ್ಟೇ.

ಶುಕ್ರವಾರ ಎಂದಿನ ಜನವೇ ಬಂದರು.
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ನರ್ಸು ಎಸ್ತೇರಮ್ಮ,
ತಿಂಗಳಿಂದ ಕೆಂಪಗಿದ್ದ ಕಣ್ಣು ಅಂದು ತಿಳಿ;
ಬಲ ಅಂಗೈಗೆ ಪಟ್ಟಿ,
ಒಂಟಿ ಕೈಲಿ ಸುತ್ತಿಕೊಂಡಿದ್ದರೂ ಎಷ್ಟು ಅಚ್ಚುಕಟ್ಟು.
ಏನಾಯಿತೆಂದು ನಾನು ಕೇಳುವಷ್ಟರಲ್ಲಿ
ಅತ್ತಿಗೆ ನನ್ನ ಕಾಲು ತುಳಿದಳು.
"ಚಮಚ ಕೊಡು," ಅಂದಳು, "ಇಡ್ಲಿ ವಸಿ ಮುರ್ದೇ ಕೊಡು."

ಶನಿವಾರದಿಂದ, ತಿಂಡಿ ಮುಗಿದದ್ದೇ ಗಾಡಿ ಹೊರಡುತ್ತದೆ
ನಾಲೆಯ ಸೇತುವೆ ದಾಟಿ, ಹೊಂಗೆಮರದ ಬುಡಕ್ಕೆ.
ಡೀಸೆಲ್ಲು ದಂಡ, ಜನ ಕಡಿಮೆ,
ಕಬ್ಬಿನ ಟ್ರ್ಯಾಕ್ಟರು ಹೋದರೆ ಬಾಣಲೆಗೆಲ್ಲ ಧೂಳು.
ಹೊಸ ವಿಷಲ್ಲು ಅಲ್ಲಿ ಐದು ಸಲ ಕೂಗುತ್ತದೆ.
ಕೊಕ್ಕರೆಗಳು ಮೊದಮೊದಲು ಹಾರಿದವು, ಈಗ ಹಾರುವುದಿಲ್ಲ.
ಯಾಕೆ ಇಲ್ಲಿಗೆ ಅಂದರೆ "ನೆರಳದೆ" ಅನ್ನುತ್ತಾಳೆ.
ಕಳ್ಳ ಸಿಕ್ಕನಾ ಎಂದು ಚಿಕ್ಕಬೋರ ಬಂದು ಕೇಳಿದ;
"ಮೋರಿಗೆ ಉಳ್ಳೋಗಿತ್ತು ಕನಣ್ಣ," ಅಂದಳು,
ಕಣ್ಣು ಪುಸ್ತಕದಿಂದ ಎತ್ತದೆ.

ತಿಂಗಳ ಕೊನೆಗೆ ಲೆಕ್ಕ ಕೂಡುವುದು ನನ್ನ ಪಾಲು.
ಎಣ್ಣೆ, ಅಕ್ಕಿ, ಗ್ಯಾಸು, ನಗರಸಭೆಯ ಚೀಟಿ,
ಅದರ ಕೆಳಗೆ, ಸೊಟ್ಟ ಅಕ್ಷರದಲ್ಲಿ,
ಅರಿಶಿನದ ಬೆರಳಚ್ಚಿನ ಪಕ್ಕ:
ನಿದ್ದೆ ಬಾಬ್ತು, ತೊಂಬತ್ತು ರೂಪಾಯಿ.

ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ.
ಆಮೇಲೆ ಕೂಡಿದೆ.